ಟೈಟಾನಿಕ್ ಪಟ್ಟಿಯಲ್ಲಿ ದರ್ಜೆಯ ಲೆಕ್ಕ: ನನ್ನ ಅನುಭವ

ಡೇಟಾ ಅನಾಲಿಸಿಸ್ ಕಲಿಯುವವರು ಟೈಟಾನಿಕ್ ಪಟ್ಟಿಗೆ ಬಂದೇ ಬರುತ್ತಾರೆ. ಡೇಟಾ ಸ್ಪರ್ಧೆಗಳ ಜಾಲತಾಣ ಕ್ಯಾಗಲ್‌ನ ಟ್ರೈನಿಂಗ್ ಫೈಲಿನಲ್ಲಿ, ಅಂದರೆ ಊಹಿಸುವ ಮಾಡೆಲ್‌ಗೆ ಕಲಿಸಲು ಕೊಡುವ ಪಟ್ಟಿಯ ಭಾಗದಲ್ಲಿ, 891 ಪ್ರಯಾಣಿಕರಿದ್ದಾರೆ, ಬದುಕಿದವರು 342. ಮಾಡೆಲ್ ಕಟ್ಟುವ ಗೋಜಿಗೆ ನಾನು ಹೋಗಲಿಲ್ಲ. 1912ರ ಆ ರಾತ್ರಿ ಟಿಕೆಟ್ಟಿನ ದರ್ಜೆ ಯಾರ ಜೀವಕ್ಕೆ ಎಷ್ಟು ಕುತ್ತು ತಂದಿತು ಅನ್ನೋದಷ್ಟೇ ನನಗೆ ಬೇಕಿತ್ತು.

ಮೊದಲು ದರ್ಜೆ ಒಂದನ್ನೇ ಹಿಡಿದು ಪಾಂಡಾಸ್‌ನಲ್ಲಿ (ಪೈಥಾನ್‌ನ ಡೇಟಾ ಲೈಬ್ರರಿ) ಗ್ರೂಪ್‌ಬೈ ಹಾಕಿದೆ, ಅಂದರೆ ದರ್ಜೆವಾರು ಗುಂಪು ಮಾಡಿ ಲೆಕ್ಕ ಹಾಕಿದೆ. ಬದುಕಿದವರು ಮೊದಲ ದರ್ಜೆಯಲ್ಲಿ ಶೇ 63, ಎರಡನೆಯದರಲ್ಲಿ 47, ಮೂರನೆಯದರಲ್ಲಿ 24. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಮೂರನೇ ದರ್ಜೆಯ 491 ಜನರಲ್ಲಿ 347 ಗಂಡಸರು, ದೋಣಿಗೆ ಹೆಂಗಸರು ಮಕ್ಕಳು ಮೊದಲು ಅಂತ ಆದೇಶ ಬೇರೆ ಇತ್ತಲ್ವಾ, ಹಾಗಾಗಿ ಆ 24ರಲ್ಲಿ ಬಡತನದ ಪಾಲು ಎಷ್ಟು, ಗಂಡಸರೇ ಜಾಸ್ತಿ ಇದ್ದದ್ದರ ಪಾಲು ಎಷ್ಟು ಅಂತ ಬಿಡಿಸಲೇಬೇಕು.

ಬಿಡಿಸಿದೆ. ಮೊದಲ ದರ್ಜೆಯ 94 ಹೆಂಗಸರಲ್ಲಿ 91 ಮಂದಿ ಉಳಿದರು. ಎರಡನೇ ದರ್ಜೆಯಲ್ಲಿ 76ಕ್ಕೆ 70. ಮೂರನೆಯದರಲ್ಲಿ 144ಕ್ಕೆ 72, ಸರಿಯಾಗಿ ಅರ್ಧ. ಗಂಡಸರ ಕಥೆಯೇ ಬೇರೆ: ಮೊದಲ ದರ್ಜೆಯಲ್ಲಿ ಶೇ 37 ಉಳಿದರೆ, ಎರಡನೆಯದರಲ್ಲಿ 16, ಮೂರನೆಯದರಲ್ಲಿ 14. ಎರಡನೇ ದರ್ಜೆಯ ಟಿಕೆಟ್ ಹೆಂಗಸರನ್ನು ಕಾಪಾಡಿತು, ಗಂಡಸರನ್ನು ಕಾಪಾಡಲಿಲ್ಲ.

ವಯಸ್ಸಿನ ಕಾಲಂ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. 177 ಜನರ ವಯಸ್ಸು ಅದರಲ್ಲಿಲ್ಲ, ಅವರಲ್ಲಿ 136 ಜನ ಮೂರನೇ ದರ್ಜೆಯವರು. ಆ ಖಾಲಿ ಜಾಗಕ್ಕೆ ಸುಮ್ನೆ ಮೀಡಿಯನ್ (ವಯಸ್ಸುಗಳನ್ನು ಸಾಲಾಗಿ ಜೋಡಿಸಿದಾಗ ನಡುವೆ ಬರುವುದು) 28 ತುಂಬಿಬಿಡುವ ರೂಢಿ ಇದೆ. ಸೇಜ್ ಕುಟುಂಬವನ್ನು ನೋಡಿ: ತಂದೆ, ತಾಯಿ, 9 ಮಕ್ಕಳು, ಒಬ್ಬರೂ ಉಳಿಯಲಿಲ್ಲ. ಈ ಫೈಲಿನಲ್ಲಿರುವ ಅವರ 7 ಸಾಲುಗಳಲ್ಲಿ ಒಂದರಲ್ಲೂ ವಯಸ್ಸಿಲ್ಲ. 28 ತುಂಬಿದರೆ ಆ ಮಕ್ಕಳು ಲೆಕ್ಕದಲ್ಲಿ ದೊಡ್ಡವರಾಗಿಬಿಡುತ್ತಾರೆ. ಅದಕ್ಕೇ ನಾನು ಹೆಸರಿನ ಜೊತೆಗಿರುವ 'ಮಾಸ್ಟರ್' ನೋಡಿ ಚಿಕ್ಕ ಹುಡುಗರನ್ನು ಬೇರೆ ಮಾಡಿದೆ. ಸೇಜ್ ಕುಟುಂಬದ ಟಿಕೆಟ್ ದರ 69.55 ಪೌಂಡ್ ಅಂತ ಪ್ರತಿ ಸಾಲಿನಲ್ಲೂ ಇದೆ, ಆದರೆ ಅದು ಇಡೀ ಕುಟುಂಬದ ದರ. ತಲೆಗೆ ಹಂಚದೆ ಬಿಟ್ಟರೆ ಅವರು ಶ್ರೀಮಂತರಂತೆ ಕಾಣುತ್ತಾರೆ.

ಕಾರಣ ಮಾತ್ರ ಈ ಫೈಲಿನಲ್ಲಿ ಸಿಗುವುದಿಲ್ಲ, ಹಡಗಿನ ನಕ್ಷೆ ನೋಡಬೇಕು. ದೋಣಿಗಳು ಮೇಲಿನ ಡೆಕ್ಕಿನಲ್ಲಿ, ಮೂರನೇ ದರ್ಜೆಯ ಕುಟುಂಬಗಳು ಕೆಳಗೆ ಹಿಂಭಾಗದಲ್ಲಿ. ಅಮೆರಿಕದ ವಲಸೆ ನಿಯಮಕ್ಕಾಗಿ ಅವರನ್ನು ಬೇರೆ ಇಡಬೇಕಿತ್ತು. ಜಾನ್ ಹಾರ್ಟ್ ಎಂಬ ಸ್ಟೀವರ್ಡ್ ಕೆಲವು ಹೆಂಗಸರು ಮಕ್ಕಳನ್ನು ಗುಂಪು ಕಟ್ಟಿ ಮೇಲೆ ಕರೆತಂದರು. ಮಿಕ್ಕವರಲ್ಲಿ ಎಷ್ಟೋ ಜನ ದಾರಿಯನ್ನು ತಾವೇ ಹುಡುಕಬೇಕಾಯಿತು.

ಲಾರ್ಡ್ ಮರ್ಸಿ ನಡೆಸಿದ ಬ್ರಿಟಿಷ್ ವಿಚಾರಣೆ ಮೂರನೇ ದರ್ಜೆಯವರಿಗೆ ಅನ್ಯಾಯವಾಗಿಲ್ಲ ಎಂದಿತು. ಆ ದರ್ಜೆಯ ಒಬ್ಬ ಪ್ರಯಾಣಿಕರನ್ನೂ ಸಾಕ್ಷಿಗೆ ಕರೆದಿರಲಿಲ್ಲ. ಅದೇ ವರದಿಯ ಕೋಷ್ಟಕದಲ್ಲಿ ಎರಡನೇ ದರ್ಜೆಯ 24 ಮಕ್ಕಳಲ್ಲಿ 24 ಮಂದಿಯೂ ಉಳಿದಿದ್ದಾರೆ, ಮೂರನೇ ದರ್ಜೆಯ 79 ಮಕ್ಕಳಲ್ಲಿ 27.