ತೋಟದ ಹಳೇ ಇಂಟರ್‌ಕಾಮ್ ತಂತಿಯಲ್ಲಿ ಇಂಟರ್ನೆಟ್ ಓಡಿಸುವುದು ಹೇಗೆ?

ಮಲೆನಾಡಿನ ತೋಟದ ಮನೆಗಳಲ್ಲಿ ಈಗ ಒಂದು ಹೊಸ ತಕರಾರು. ಫೈಬರ್ ಬಂದಿದೆ, ಆದರೆ ಬಂದಿರುವುದು ರಸ್ತೆ ಬದಿಯ ಮನೆಗೆ. ಇಂಟರ್ನೆಟ್ ಬೇಕಾಗಿರುವುದು ಅರ್ಧ ಕಿಲೋಮೀಟರ್ ಕೆಳಗಿರುವ ಹೋಮ್‌ಸ್ಟೇಗೆ, ಇಲ್ಲವೇ ಅಡಿಕೆ ಗೋದಾಮಿನ ಕ್ಯಾಮೆರಾಕ್ಕೆ. ವೈಫೈ ಅಲ್ಲಿಗೆ ಮುಟ್ಟುವುದಿಲ್ಲ. ಲ್ಯಾನ್ ಕೇಬಲ್ 100 ಮೀಟರ್ ದಾಟಿದರೆ ನಂಬುವ ಹಾಗಿಲ್ಲ. ಎತ್ತರದಲ್ಲಿ ಆಂಟೆನಾ ಕಟ್ಟಿ ವೈರ್‌ಲೆಸ್ ಲಿಂಕ್ ಮಾಡಬಹುದು ನಿಜ, ಆದರೆ ಎರಡು ತುದಿಗಳೂ ಒಂದಕ್ಕೊಂದು ನೇರ ಕಾಣಬೇಕು. ನಡುವೆ ತೋಟ ಇದ್ದರೆ, ಅದೂ ಮಳೆಯಲ್ಲಿ ನೆನೆದ ಎಲೆ ಇದ್ದರೆ, ಮಳೆಗಾಲ ಪೂರ್ತಿ ಅದರದ್ದೇ ಗೋಳು.

ಇಂಥ ಎಷ್ಟೋ ಜಾಗಗಳಲ್ಲಿ ಮೇಲಿನ ಮನೆಗೂ ಕೆಳಗಿನ ಮನೆಗೂ ಮಾತಾಡಲು ಹಿಂದೆ ಎಳೆದಿದ್ದ ಇಂಟರ್‌ಕಾಮ್ ತಂತಿ ಹಾಗೇ ಬಿದ್ದಿರುತ್ತದೆ. ಮೊಬೈಲ್ ಬಂದ ಮೇಲೆ ಅದನ್ನು ಕೇಳುವವರಿಲ್ಲ. ಆ ಎರಡೆಳೆ ತಾಮ್ರದ ತಂತಿ ಸಾಕು. ಎರಡೂ ತುದಿಗೆ ಒಂದೊಂದು ವಿಡಿಎಸ್‌ಎಲ್2 ಮೋಡೆಮ್ ಹಾಕಿದರೆ ಅದರಲ್ಲೇ ಇಂಟರ್ನೆಟ್ ಹೋಗುತ್ತದೆ. 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಒಪ್ಪಿದ ತಂತ್ರಜ್ಞಾನ ಇದು. ನಮ್ಮ ಮಾತಿನ ಧ್ವನಿ ಬಳಸುವುದು ತಂತಿಯಲ್ಲಿ 4 ಕಿಲೋಹರ್ಟ್ಸ್‌ವರೆಗಿನ ಜಾಗ ಮಾತ್ರ. ಈ ಮೋಡೆಮ್ ಅದರ ಮೇಲಿನ ಜಾಗವನ್ನು, 17 ಇಲ್ಲವೇ 30 ಮೆಗಾಹರ್ಟ್ಸ್‌ವರೆಗೂ ದುಡಿಸಿಕೊಳ್ಳುತ್ತದೆ.

ವೇಗ ಎಷ್ಟು ಸಿಗುತ್ತದೆ? ಎಲ್ಲಾ ದೂರದ ಮೇಲೆ. ತಂತಿ ಚೆನ್ನಾಗಿದ್ದು 200-300 ಮೀಟರ್ ಒಳಗಿದ್ದರೆ 100 ಎಂಬಿಪಿಎಸ್ ಹತ್ತಿರ ಬರಬಹುದು. ಒಂದು ಕಿಲೋಮೀಟರಿಗೆ 20-40 ಅಂದುಕೊಳ್ಳಿ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದು ಹೋಗುವ, ಬರುವ ಎರಡೂ ವೇಗ ಕೂಡಿಸಿದ ಲೆಕ್ಕ ಆಗಿರಬಹುದು, ಅದನ್ನು ನೋಡಿ ಹಿಗ್ಗಬೇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಂತಿಯೇ ಇಲ್ಲ, ಹೊಸದಾಗಿ ಎಳೆಯಬೇಕು ಅನ್ನುವವರು ಈ ಲೇಖನ ಇಲ್ಲಿಗೇ ಬಿಟ್ಟು ಫೈಬರ್ ಎಳೆಸಿ. ಅದಕ್ಕೆ ಸಿಡಿಲಿನ ಕಾಟ ಕಡಿಮೆ, ವೇಗವೂ ಜಾಸ್ತಿ. ಈ ಮೋಡೆಮ್‌ಗೆ ಅರ್ಥ ಇರುವುದು ತಂತಿ ಈಗಾಗಲೇ ಇದ್ದಾಗ ಮಾತ್ರ.

ಏನು ಕೊಳ್ಳಬೇಕು

ಅಂಗಡಿಯಲ್ಲಿ ವಿಡಿಎಸ್‌ಎಲ್2 ಈಥರ್ನೆಟ್ ಎಕ್ಸ್‌ಟೆಂಡರ್ ಅಥವಾ ವಿಡಿಎಸ್‌ಎಲ್2 ಬ್ರಿಜ್ ಅಂತ ಕೇಳಿ. ಎರಡು ಬೇಕು, ಒಂದೇ ಕಂಪನಿಯ ಒಂದೇ ಮಾಡೆಲ್ ಆದರೆ ತಲೆನೋವಿಲ್ಲ. ಅಟ್ಟದ ಮೇಲಿರುವ ಹಳೇ ಬ್ರಾಡ್‌ಬ್ಯಾಂಡ್ ಮೋಡೆಮ್ ಎರಡನ್ನು ಜೋಡಿಸಿದರೆ ಆಗಲ್ವಾ ಅಂತ ಕೇಳುವವರು ಇರುತ್ತಾರೆ. ಆಗುವುದಿಲ್ಲ. ಅವು ಗ್ರಾಹಕರ ತುದಿಗೆಂದೇ ಮಾಡಿದವು. ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿದ್ದ ದೊಡ್ಡ ಯಂತ್ರ ಕರೆದಾಗ ಓಗೊಡುವುದು ಬಿಟ್ಟರೆ ತಾವಾಗಿ ಮಾತು ಶುರು ಮಾಡಲು ಅವಕ್ಕೆ ಬರುವುದಿಲ್ಲ. ಎಕ್ಸ್‌ಟೆಂಡರ್‌ಗಳಲ್ಲಿ ಒಂದನ್ನು ಎಕ್ಸ್‌ಚೇಂಜ್ ತುದಿ, ಅಂದರೆ ಸಿಒ ಅಂತಲೂ, ಇನ್ನೊಂದನ್ನು ಗ್ರಾಹಕರ ತುದಿ, ಅಂದರೆ ಸಿಪಿಇ ಅಂತಲೂ ಇಟ್ಟುಕೊಳ್ಳಬಹುದು.

ಜೊತೆಗೆ ಒಂದು ಸಾಧಾರಣ ಮಲ್ಟಿಮೀಟರ್, ಜೆಲ್ಲಿ ತುಂಬಿದ ಟೆಲಿಫೋನ್ ಜಾಯಿಂಟ್ ಕನೆಕ್ಟರ್ ಹತ್ತಿಪ್ಪತ್ತು, ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವ ಗ್ಯಾಸ್ ಅರೆಸ್ಟರ್ ಎರಡು, ಎರಡು ತುಂಡು ಲ್ಯಾನ್ ಕೇಬಲ್ ತಂದುಕೊಳ್ಳಿ.

ಮೊದಲು ತಂತಿ, ಆಮೇಲೆ ಮೋಡೆಮ್

ಕೆಲಸದ ಮುಕ್ಕಾಲು ಪಾಲು ಇಲ್ಲೇ ಇರುವುದು. ಬಹಳ ಜನ ಡಬ್ಬ ಬಿಚ್ಚಿದ ತಕ್ಷಣ ತಂತಿ ಸಿಕ್ಕಿಸಿ, ಲೈಟ್ ಬರಲಿಲ್ಲ ಅಂತ ಮೋಡೆಮ್‌ಗೆ ಬೈದು ವಾಪಸ್ ಕಳಿಸುತ್ತಾರೆ.

ತಂತಿ ನಿಮ್ಮದೇ ಅಂತ ಖಾತ್ರಿ ಮಾಡಿಕೊಳ್ಳಿ. ಟೆಲಿಫೋನ್ ಕಂಪನಿಯ ಲೈನಿಗೆ ಕೈಹಾಕುವ ಹಾಗಿಲ್ಲ. ಎರಡೂ ತುದಿಯಲ್ಲಿ ಇಂಟರ್‌ಕಾಮ್ ಬಿಚ್ಚಿ, ಮೀಟರನ್ನು ವೋಲ್ಟ್‌ಗೆ ಇಟ್ಟು ನೋಡಿ. ಸುಮಾರು 48 ವೋಲ್ಟ್ ಡಿಸಿ ತೋರಿಸಿದರೆ ಅದು ಇನ್ನೂ ಎಕ್ಸ್‌ಚೇಂಜ್‌ಗೆ ಅಂಟಿಕೊಂಡಿದೆ ಅಂತಲೇ ಲೆಕ್ಕ, ಬಿಟ್ಟುಬಿಡಿ. ಕರೆಂಟಿನ ವೋಲ್ಟೇಜ್ ಬಂದರಂತೂ ಎಲೆಕ್ಟ್ರಿಷಿಯನ್ ಬರುವವರೆಗೂ ಮುಟ್ಟಲೇಬೇಡಿ, ಎಲ್ಲೋ ಸರ್ವಿಸ್ ವೈರ್ ತಾಗಿಕೊಂಡಿರುತ್ತದೆ.

ಏನೂ ಇಲ್ಲ ಅಂದರೆ ಮೀಟರನ್ನು ಓಮ್‌ಗೆ ತಿರುಗಿಸಿ. ಆ ತುದಿ ಬಿಡಿಯಾಗಿದ್ದಾಗ ಈ ತುದಿಯಲ್ಲಿ ಅತಿ ದೊಡ್ಡ ರೇಂಜಿನಲ್ಲೂ ಓಪನ್ ಅಂತಲೇ ತೋರಿಸಬೇಕು. ಕೆಲವು ಸಾವಿರ ಓಮ್ ತೋರಿಸಿದರೆ ಯಾವುದೋ ಜಾಯಿಂಟ್ ಒಳಗೆ ನೀರು ಹೋಗಿದೆ. ಈಗ ಆ ತುದಿಯ ಎರಡೂ ಎಳೆಯನ್ನು ತಿರುಚಿ ಸೇರಿಸಿ, ಇಲ್ಲಿಗೆ ಬಂದು ಮತ್ತೆ ಅಳೆಯಿರಿ. 0.5 ಮಿಲಿಮೀಟರ್ ದಪ್ಪದ ತಾಮ್ರಕ್ಕೆ ಹೋಗಿ ಬರುವ ದಾರಿ ಸೇರಿ ಕಿಲೋಮೀಟರಿಗೆ ಸುಮಾರು 176 ಓಮ್. 0.4ರ ಸಣ್ಣ ತಂತಿಯಾದರೆ ಸುಮಾರು 275. ಅಂದರೆ 600 ಮೀಟರ್ ದೂರದ ದಪ್ಪ ತಂತಿಗೆ 105ರ ಆಸುಪಾಸು ಬರಬೇಕು. 300 ಬಂದರೆ, ಅಥವಾ ಗಾಳಿಗೆ ತಂತಿ ಅಲ್ಲಾಡಿದ ಹಾಗೆ ಅಂಕಿಯೂ ಅಲ್ಲಾಡಿದರೆ, ಕಿಲುಬು ಹಿಡಿದ ಜಾಯಿಂಟ್ ಇದೆ. ಸರಿ ಬಂದ ಅಂಕಿಯನ್ನು ಜಂಕ್ಷನ್ ಬಾಕ್ಸಿನ ಮುಚ್ಚಳದ ಒಳಗೆ ಮಾರ್ಕರ್‌ನಲ್ಲಿ ಬರೆದಿಡಿ, ಮುಂದೆ ಬೇಕಾಗುತ್ತದೆ.

ಮೀಟರಿಗೆ ಸಿಗದ ಎರಡು ಕಾಯಿಲೆ ಇವೆ. ಮೊದಲನೆಯದು ಅದಲುಬದಲಾದ ಜೋಡಿ. ತಂತಿಯ ಎರಡೆಳೆಯನ್ನು ಹೆಣೆದಿರುವುದು ಚೆಂದಕ್ಕಲ್ಲ. ಹೊರಗಿನ ಗದ್ದಲ ಎರಡೂ ಎಳೆಗೆ ಸಮನಾಗಿ ಬೀಳಲಿ, ಮೋಡೆಮ್ ಎರಡರ ನಡುವಿನ ವ್ಯತ್ಯಾಸ ಮಾತ್ರ ನೋಡುವುದರಿಂದ ಗದ್ದಲ ಕಳೆದುಹೋಗಲಿ ಅನ್ನುವ ಉಪಾಯ ಅದು. ಟೆಲಿಫೋನ್‌ನ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ನಾಲ್ಕೆಳೆ ಕೇಬಲ್‌ನಲ್ಲಿ ಇಂಥ ಜೋಡಿ ಎರಡಿರುತ್ತವೆ. ಹಳೇ ಕೆಲಸದವರು ಕೈಗೆ ಸಿಕ್ಕ ಎರಡು ಬಣ್ಣ ಆರಿಸಿ, ಈ ಜೋಡಿಯಿಂದ ಒಂದು, ಆ ಜೋಡಿಯಿಂದ ಒಂದು ಎಳೆ ತೆಗೆದು ಜೋಡಿಸಿರುತ್ತಾರೆ. ಇಂಟರ್‌ಕಾಮ್ ಆರಾಮಾಗಿ ನಡೆಯುತ್ತದೆ, ಮೀಟರ್ ಕೂಡ ಸರಿ ಅನ್ನುತ್ತದೆ, ಮೋಡೆಮ್ ಮಾತ್ರ ಕುಂಟುತ್ತದೆ. ಒಂದು ಗೇಣು ಸಿಪ್ಪೆ ಸುಲಿದು ಯಾವ ಎಳೆಗೆ ಯಾವುದು ಸುತ್ತಿಕೊಂಡಿದೆ ಅಂತ ಕಣ್ಣಲ್ಲೇ ನೋಡಬೇಕು. ಎರಡೂ ತುದಿಯಲ್ಲಿ ಮತ್ತು ನಡುವಿನ ಪ್ರತಿ ಜಾಯಿಂಟ್‌ನಲ್ಲೂ ಅದೇ ಜೋಡಿ ಮುಂದುವರಿದಿರಬೇಕು.

ಎರಡನೆಯದು ಕವಲು. ಹಿಂದೆ ಪಂಪ್‌ಹೌಸಿಗೋ ಕೊಟ್ಟಿಗೆಗೋ ಒಂದು ಎಕ್ಸ್‌ಟೆನ್ಷನ್ ಎಳೆದಿದ್ದು, ಫೋನ್ ಬಿಚ್ಚಿಕೊಂಡು ಹೋದರೂ ತಂತಿ ನೇತಾಡುತ್ತಿರುತ್ತದೆ. ಸಿಗ್ನಲ್ ಅದರೊಳಗೂ ಹೋಗಿ, ತುದಿಗೆ ಬಡಿದು, ತಡವಾಗಿ ವಾಪಸ್ ಬಂದು ಮುಖ್ಯ ಸಿಗ್ನಲ್ ಜೊತೆ ಗಲಾಟೆ ಎಬ್ಬಿಸುತ್ತದೆ. ತುದಿಯಲ್ಲಿ ಕತ್ತರಿಸಿದರೆ ಸಾಲದು, ಕವಲು ಶುರುವಾದಲ್ಲೇ ಕತ್ತರಿಸಿ.

ಸುಮ್ನೆ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟ್ ಕಂಡರೆ ಎಲ್ಲವನ್ನೂ ಬಿಚ್ಚಿ ಜೆಲ್ಲಿ ಕನೆಕ್ಟರ್ ಹಾಕಿ. ಎಳೆಗಳನ್ನು ಒಳಗೆ ಪೂರ್ತಿ ತಳ್ಳಿ ಪ್ಲೈಯರ್‌ನಲ್ಲಿ ಒತ್ತಿದರೆ ಆಯಿತು, ಸುಲಿಯುವುದೂ ಬೇಡ.

ಮೇಜಿನ ಮೇಲೆ ಒಂದು ಪರೀಕ್ಷೆ

ತೋಟಕ್ಕೆ ಇಳಿಯುವ ಮೊದಲು ಎರಡೂ ಮೋಡೆಮನ್ನು ಪಕ್ಕಪಕ್ಕ ಇಟ್ಟು, ಒಂದು ಮೀಟರ್ ತಂತಿಯಲ್ಲಿ ಲೈನ್ ಅಂತ ಬರೆದಿರುವ ಪೋರ್ಟ್‌ಗಳನ್ನು ಜೋಡಿಸಿ. ಫೋನ್ ಅಂತ ಇರುವ ಪೋರ್ಟ್ ಬೇರೆ, ಅದು ಇಂಟರ್‌ಕಾಮ್‌ಗೆ. ಎಳೆಗಳಲ್ಲಿ ಪ್ಲಸ್ ಮೈನಸ್ ನೋಡಬೇಕಿಲ್ಲ.

ಪಕ್ಕದಲ್ಲೋ ಅಡಿಯಲ್ಲೋ ಪುಟ್ಟ ಸ್ವಿಚ್‌ಗಳ ಸಾಲು ಇರುತ್ತದೆ. ಒಂದು ಮೋಡೆಮ್ ಸಿಒ, ಇನ್ನೊಂದು ಸಿಪಿಇ. ಎರಡೂ ಒಂದೇ ಆದರೆ ಬೆಳಗಾಗುವವರೆಗೂ ಲೈಟ್ ಮಿನುಗುತ್ತಲೇ ಇರುತ್ತದೆ. ಉಳಿದ ಸ್ವಿಚ್‌ಗಳು ಬಹುಪಾಲು ಮಾಡೆಲ್‌ಗಳಲ್ಲಿ ಸಿಒ ತುದಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ. ಸ್ವಿಚ್ ಬದಲಿಸಿದಾಗಲೆಲ್ಲ ಕರೆಂಟ್ ತೆಗೆದು ಹಾಕಿ, ಇಲ್ಲದಿದ್ದರೆ ಹೊಸದು ಜಾರಿಗೆ ಬರುವುದಿಲ್ಲ.

17ಎ, 30ಎ (ಅಂದರೆ 17 ಇಲ್ಲವೇ 30 ಮೆಗಾಹರ್ಟ್ಸ್‌ವರೆಗೆ) ಅನ್ನುವ ಆಯ್ಕೆ ಇದ್ದರೆ 300 ಮೀಟರ್ ಮೇಲ್ಪಟ್ಟ ದೂರಕ್ಕೆ 17ಎ ಇಡಿ. ತೀರಾ ಮೇಲಿನ ಫ್ರೀಕ್ವೆನ್ಸಿಗಳು ದೂರ ಬಾಳುವುದಿಲ್ಲ. ಫಾಸ್ಟ್, ಇಂಟರ್‌ಲೀವ್ ಅನ್ನುವುದರಲ್ಲಿ ತೋಟಕ್ಕೆ ಇಂಟರ್‌ಲೀವ್ ಒಳ್ಳೆಯದು. ಅದು ಡೇಟಾವನ್ನು ಚೆದುರಿಸಿ ಕಳಿಸುತ್ತದೆ, ನಡುವೆ ಒಂದು ಚೂರು ಹಾಳಾದರೂ ಆ ತುದಿಯಲ್ಲಿ ಸರಿಮಾಡಿಕೊಳ್ಳುತ್ತದೆ. ಕೆಲವು ಮಿಲಿಸೆಕೆಂಡ್ ತಡವಾಗುತ್ತದೆ, ಗೇಮ್ ಆಡುವ ಹುಡುಗರು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಮೂರನೆಯ ಆಯ್ಕೆಯಲ್ಲಿ ಸ್ವಲ್ಪ ಯೋಚನೆ ಬೇಕು. ಅಸಿಮ್ಮೆಟ್ರಿಕ್ ಇಟ್ಟರೆ ಸಿಒನಿಂದ ಸಿಪಿಇ ಕಡೆಗೆ ಜಾಸ್ತಿ ವೇಗ, ವಾಪಸ್ ಕಡಿಮೆ. ಹೋಮ್‌ಸ್ಟೇಯಲ್ಲಿ ಸಿನಿಮಾ ನೋಡುವವರಿಗೆ ಅದೇ ಸರಿ. ಆದರೆ ಕೆಳಗೆ ಇರುವುದು ಬರೀ ಕ್ಯಾಮೆರಾ ಆದರೆ ಡೇಟಾ ಉಲ್ಟಾ ಹರಿಯುತ್ತದೆ ಅಲ್ವಾ? ಆಗ ಸಿಒ ಮೋಡೆಮನ್ನೇ ಗೋದಾಮಿಗೆ ಹಾಕಿ, ಸಿಪಿಇಯನ್ನು ಮನೆಯಲ್ಲಿಡಿ. ಇಂಟರ್ನೆಟ್ ಇರುವ ಕಡೆಯೇ ಸಿಒ ಇರಬೇಕು ಅಂತ ಯಾವ ಕಾನೂನೂ ಇಲ್ಲ.

ಕರೆಂಟ್ ಕೊಟ್ಟ ಮೇಲೆ ಲಿಂಕ್ ಲೈಟ್ ಮೊದಲು ನಿಧಾನ ಮಿನುಗಿ, ಆಮೇಲೆ ಜೋರಾಗಿ ಮಿನುಗಿ, ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಎರಡೂ ಮೋಡೆಮ್ ತಂತಿಯನ್ನು ಚೂರು ಚೂರಾಗಿ ಅಳೆದು, ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ತುಂಬಬಹುದು ಅಂತ ಲೆಕ್ಕ ಹಾಕುತ್ತಿರುತ್ತವೆ. ಅವಸರಪಟ್ಟು ಆಫ್ ಮಾಡಬೇಡಿ.

ಜೋಡಣೆ

ಇದು ಸಲೀಸು. ಮನೆಯ ಫೈಬರ್ ರೂಟರಿನ ಲ್ಯಾನ್ ಪೋರ್ಟಿನಿಂದ ಮೇಲಿನ ಮೋಡೆಮ್‌ಗೆ ಕೇಬಲ್, ಅಲ್ಲಿಂದ ತೋಟದ ತಂತಿ, ಕೆಳಗಿನ ಮೋಡೆಮ್‌ನಿಂದ ಒಂದು ವೈಫೈ ರೂಟರಿಗೆ ಕೇಬಲ್. ಕೆಳಗಿನ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಇಡಿ. ಆ ಮೋಡ್ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ, ಅಂದರೆ ಮೊಬೈಲ್, ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿ, ವಿಳಾಸವನ್ನು 192.168.1.2 ಥರ ಮೇಲಿನ ರೂಟರಿಗೆ ತಾಗದ ಹಾಗೆ ಬದಲಿಸಿ, ಕೇಬಲನ್ನು ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಹಾಕಿ. ಇಂಟರ್‌ಕಾಮ್ ಇನ್ನೂ ಬೇಕು ಅನ್ನುವವರು ಅದನ್ನು ಫೋನ್ ಪೋರ್ಟಿಗೆ ಸಿಕ್ಕಿಸಬಹುದು, ಎರಡೂ ಒಟ್ಟಿಗೆ ನಡೆಯುತ್ತವೆ.

ಮೊದಲ ಸಲ ವೇಗ ನೋಡುವಾಗ ಮೊಬೈಲ್ ಬೇಡ. ಲ್ಯಾಪ್‌ಟಾಪನ್ನು ಕೆಳಗಿನ ಮೋಡೆಮ್‌ಗೆ ನೇರ ಕೇಬಲ್ ಹಾಕಿ ನೋಡಿ, ವೈಫೈ ತಪ್ಪನ್ನು ತಂತಿಯ ಮೇಲೆ ಹೊರಿಸುವುದು ತಪ್ಪುತ್ತದೆ. ಕರೆಂಟ್ ಹೋದರೆ ಎರಡೂ ತುದಿ ಬದುಕಿರಬೇಕು, ಹಾಗಾಗಿ ರೂಟರಿಗೆ ಹಾಕುವ ಮಿನಿ ಯುಪಿಎಸ್ ಎರಡೂ ಕಡೆ ಬೇಕು. ಅಡಾಪ್ಟರಿನ ವೋಲ್ಟ್ ಎಷ್ಟು ಅಂತ ಓದಿ ಕೊಳ್ಳಿ, 5 ವೋಲ್ಟಿನ ಮೋಡೆಮ್‌ಗೆ 12 ಕೊಟ್ಟರೆ ಅಲ್ಲಿಗೆ ಮುಗಿಯಿತು.

ಸಿಡಿಲು, ಬೇಲಿ, ಮೋಟಾರು

ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಈ ವ್ಯವಸ್ಥೆಯ ದೊಡ್ಡ ಶತ್ರು. ಎರಡೂ ತುದಿಯಲ್ಲಿ ತಂತಿ ಮನೆಯೊಳಗೆ ಬರುವ ಜಾಗದಲ್ಲಿ ಮೂರು ಕಾಲಿನ ಗ್ಯಾಸ್ ಅರೆಸ್ಟರ್ ಹಾಕಿ. ಅಕ್ಕಪಕ್ಕದ ಕಾಲು ಎರಡೆಳೆಗೆ, ನಡುವಿನದು ಮನೆಯ ಅರ್ಥಿಂಗ್‌ಗೆ. ಅರ್ಥಿಂಗ್ ಇಲ್ಲದ ಅರೆಸ್ಟರ್ ಅಲಂಕಾರ ಅಷ್ಟೇ. ಅರೆಸ್ಟರ್ ಇದ್ದರೂ ನೇರ ಸಿಡಿಲಿಗೆ ಯಾವುದೂ ತಡೆಯುವುದಿಲ್ಲ, ಆದ್ದರಿಂದ ಮೋಡ ಕಟ್ಟುವಾಗಲೇ ಲೈನ್, ಲ್ಯಾನ್, ಕರೆಂಟ್ ಮೂರನ್ನೂ ಎಳೆದುಬಿಡಿ. ಗುಡುಗು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ.

ಆನೆ, ಹಂದಿಗೆ ಹಾಕಿದ ಸೋಲಾರ್ ಬೇಲಿಯ ಪಕ್ಕದಲ್ಲೇ ತಂತಿ ಹೋಗಿದ್ದರೆ ಒಂದು ತಮಾಷೆ ಕಾಣಬಹುದು. ಮೋಡೆಮ್‌ನ ಪುಟದಲ್ಲಿ ದೋಷಗಳ ಲೆಕ್ಕ ಇದ್ದರೆ ಅದನ್ನು ತೆರೆದು ನೋಡುತ್ತಾ ಕುಳಿತುಕೊಳ್ಳಿ. ಬೇಲಿಯ ಪೆಟ್ಟಿಗೆ ಸುಮಾರು ಸೆಕೆಂಡಿಗೊಮ್ಮೆ ಟಕ್ ಅಂದ ಹಾಗೆ ಇಲ್ಲೂ ಅಂಕಿ ಏರುತ್ತದೆ. ಬೇಲಿಯಿಂದ ತಂತಿಯನ್ನು ಕೆಲವು ಮೀಟರ್ ದೂರ ಸರಿಸಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ. ಬೋರ್‌ವೆಲ್ ಮೋಟಾರ್ ಆನ್ ಆದಾಗಲೆಲ್ಲ ಲಿಂಕ್ ಬೀಳುತ್ತಿದ್ದರೂ ಮದ್ದು ಅದೇ.

ಅದೇ ಪುಟದಲ್ಲಿ ಎಸ್‌ಎನ್‌ಆರ್ ಮಾರ್ಜಿನ್ ಅಂತ, ಗದ್ದಲದ ಎದುರು ಸಿಗ್ನಲ್‌ಗೆ ಇನ್ನೆಷ್ಟು ಕಸುವು ಉಳಿದಿದೆ ಅಂತ ಹೇಳುವ ಇನ್ನೊಂದು ಅಂಕಿ ಇರುತ್ತದೆ. 9 ಡೆಸಿಬಲ್ ಅಥವಾ ಜಾಸ್ತಿ ಇದ್ದರೆ ನೆಮ್ಮದಿ, 6ಕ್ಕಿಂತ ಕೆಳಗಿಳಿದರೆ ಲಿಂಕ್ ಬಿದ್ದು ಏಳಲು ಶುರುಮಾಡುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿದ್ದ ಅಂಕಿ ಜೂನ್‌ನಲ್ಲಿ ಕುಸಿದರೆ ನೀರು ಕುಡಿದ ಜಾಯಿಂಟ್ ಹುಡುಕಿ.

ಚೆನ್ನಾಗಿ ನಡೆಯುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತರೆ ಎರಡೂ ಮೋಡೆಮ್ ಬಿಚ್ಚಿ ತಂದು ಮತ್ತೆ ಮೇಜಿನ ಮೇಲೆ ಒಂದು ಮೀಟರ್ ತಂತಿಗೆ ಹಾಕಿ. ಅಲ್ಲಿ ಲಿಂಕ್ ಬಂದರೆ ಮೋಡೆಮ್ ಸರಿಯಿದೆ, ತಪ್ಪು ತೋಟದಲ್ಲಿದೆ. ಆ ತುದಿಯ ಎಳೆ ಸೇರಿಸಿ ಅಳೆಯಿರಿ. ಓಪನ್ ಬಂದರೆ ತಂತಿ ತುಂಡಾಗಿದೆ. ಮುಚ್ಚಳದಲ್ಲಿ ಬರೆದಿಟ್ಟ ಅಂಕಿಗಿಂತ ಜಾಸ್ತಿ ಬಂದರೆ ಜಾಯಿಂಟ್ ಕೆಟ್ಟಿದೆ. ಕಡಿಮೆ ಬಂದರೆ, ಆ ತುದಿಯ ಎಳೆಗಳನ್ನು ಬಿಡಿಸಿದ ಮೇಲೂ ಅಷ್ಟೇ ಬಂದರೆ, ನಡುವೆ ಎಲ್ಲೋ ಸೋಗೆಯೋ ಕೊಂಬೆಯೋ ಬಿದ್ದು ಸಿಪ್ಪೆ ಒಡೆದು ಎರಡೆಳೆ ತಾಗಿಕೊಂಡಿವೆ. ಆಗ ಇಡೀ ತೋಟ ಅಲೆಯಬೇಕಿಲ್ಲ. 0.5ರ ತಂತಿಯಲ್ಲಿ 40 ಓಮ್ ತೋರಿಸಿತು ಅನ್ನಿ, 40ನ್ನು 176ರಿಂದ ಭಾಗಿಸಿ. ನೀವು ನಿಂತಲ್ಲಿಂದ ತಂತಿಯ ಗುಂಟ ಸುಮಾರು 225 ಮೀಟರ್ ನಡೆದು ತಲೆಯೆತ್ತಿ ನೋಡಿ.