ತೋಟದ ಹಳೆಯ ಮನೆಯಲ್ಲಿ ಊರಿನ ವಸ್ತುಸಂಗ್ರಹಾಲಯ: ಮೊದಲು ದಾಖಲೆ ಪುಸ್ತಕ, ಆಮೇಲೆ ಗಾಜಿನ ಪೆಟ್ಟಿಗೆ

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ಕಾಫಿ ತೋಟಗಳ ಹಳೆಯ ಮನೆಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿದೆ. ಹಿರಿಯರು ತೀರಿಕೊಂಡು ಮಕ್ಕಳು ಬೆಂಗಳೂರು ಸೇರಿದ ಮೇಲೆ ಅಟ್ಟದ ಮೇಲಿನ ಪೆಟ್ಟಿಗೆ, ಕೊಳಗ, ಬಳ್ಳ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸಲು ಕೈಯಲ್ಲಿ ತಿರುಗಿಸುವ ಪಲ್ಪರ್, ಕೂಲಿಯಾಳುಗಳ ಹಾಜರಿ ಬರೆದ ಚೆಕ್‌ರೋಲ್ ಪುಸ್ತಕ ಎಲ್ಲವೂ ಗುಜರಿಯ ಪಾಲಾಗುತ್ತವೆ. ಅಂಥ ಒಂದು ಮನೆಯನ್ನು ಊರಿನ ವಸ್ತುಸಂಗ್ರಹಾಲಯವಾಗಿ ಉಳಿಸಬೇಕೆನ್ನುವವರು ಯಾವ ಕೆಲಸವನ್ನು ಯಾವಾಗ ಮಾಡಬೇಕೆಂಬುದನ್ನು ಇಲ್ಲಿ ಹೇಳಿದ್ದೇನೆ. ಮಾದರಿಗೆ ನಾನು ಉಕ್ರೇನಿನ ಕಡೆ ನೋಡುತ್ತೇನೆ, ಏಕೆಂದರೆ ಜಮೀನುದಾರರ ಬಂಗಲೆಗಳನ್ನು ಹಳ್ಳಿಯ ಸಂಗ್ರಹಾಲಯಗಳಾಗಿ ಬಳಸಿದ ಅನುಭವ ಆ ದೇಶಕ್ಕೆ ಚೆನ್ನಾಗಿದೆ.

ಕೆಲಸವನ್ನು ಶಾಲೆಯಿಂದ ಶುರು ಮಾಡಿ. ಖಾರ್ಕಿವ್ ಪ್ರಾಂತದ ಪಾರ್ಖೊಮಿವ್ಕಾ ಎಂಬ ಹಳ್ಳಿಯಲ್ಲಿ ಇತಿಹಾಸದ ಮೇಷ್ಟ್ರು ಅಫನಾಸಿ ಲುನ್ಯೋವ್ 1955ರಲ್ಲಿ ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡು ಕಟ್ಟಿದ ಸಂಗ್ರಹದಲ್ಲಿ ಇಂದು ಹೆಸರಾಂತ ಚಿತ್ರಕಲಾವಿದರಾದ ಮಲೇವಿಚ್, ಪಿಕಾಸೊ ಅವರ ಕೃತಿಗಳೂ ಇವೆ. ಅದಕ್ಕೆ ನೆಲೆಯಾದದ್ದು ಹಿಂದೆ ಪೊಡ್‌ಗೊರಿಚಾನಿ ಕೌಂಟ್‌ಗಳದಾಗಿದ್ದು, ಆಮೇಲೆ ಸಕ್ಕರೆ ಉದ್ಯಮಿಗಳಾದ ಖರಿತೊನೆಂಕೊ ಮನೆತನಕ್ಕೆ ಸೇರಿದ ಬಂಗಲೆ. ನಮ್ಮಲ್ಲೂ ಒಬ್ಬ ಆಸಕ್ತ ಮೇಷ್ಟ್ರು, ಹತ್ತಾರು ಮಕ್ಕಳು, ಮನೆಯ ಹಳಬರೊಬ್ಬರು ಕೂಡಿದರೆ ಸಾಕು. ಸಮಿತಿ, ಅಧ್ಯಕ್ಷರು, ಉದ್ಘಾಟನೆಯ ಮಾತು ಆಮೇಲೆ ಬರಲಿ.

ಎರಡನೆಯದು ಮನೆಯವರ ಒಪ್ಪಿಗೆ. ಬಾಯಿಮಾತಿನ ಒಪ್ಪಿಗೆ ಒಂದು ತಲೆಮಾರನ್ನೂ ದಾಟುವುದಿಲ್ಲ, ಆದ್ದರಿಂದ ವಸ್ತುಗಳನ್ನು ದಾನವಾಗಿ ಕೊಡುತ್ತಾರೋ, ಇಷ್ಟು ವರ್ಷದ ಮಟ್ಟಿಗೆ ಇಟ್ಟುಕೊಳ್ಳಲು ಕೊಡುತ್ತಾರೋ ಎಂಬುದನ್ನು ಬರಹದಲ್ಲಿ ಪಡೆದು ಎಲ್ಲ ಪಾಲುದಾರರ ಸಹಿ ಹಾಕಿಸಿಕೊಳ್ಳಬೇಕು. ಚೆರ್ನಿಹಿವ್ ಪ್ರಾಂತದ ಕಚಾನಿವ್ಕಾ ಎಸ್ಟೇಟಿನ ಒಡೆಯ ವಾಸಿಲ್ ತರ್ನೊವ್‌ಸ್ಕಿ ಕೊಸಾಕ್ ಎಂಬ ಯೋಧರ ಕಾಲದ ವಸ್ತುಗಳನ್ನೂ ಕವಿ ತರಾಸ್ ಶೆವ್ಚೆಂಕೊ ಅವರಿಗೆ ಸಂಬಂಧಿಸಿದ ದೊಡ್ಡ ಸಂಗ್ರಹವನ್ನೂ ಚೆರ್ನಿಹಿವ್‌ನ ಸ್ಥಳೀಯ ಆಡಳಿತಕ್ಕೆ ಬರೆದುಕೊಟ್ಟಿದ್ದರು. ಎಸ್ಟೇಟು ಮಾರಾಟವಾಗಿ ಅದೇ ಖರಿತೊನೆಂಕೊ ಮನೆತನದ ಕೈಸೇರಿತು, ಸಂಗ್ರಹ ಮಾತ್ರ ಚದುರದೆ 1902ರಲ್ಲಿ ತರ್ನೊವ್‌ಸ್ಕಿಯ ಹೆಸರಿನ ಸಂಗ್ರಹಾಲಯವಾಗಿ ಜನರಿಗೆ ತೆರೆಯಿತು.

ಇನ್ನು ಮುಖ್ಯವಾದ ದಾಖಲೆ ಪುಸ್ತಕ. ಗಟ್ಟಿ ರಟ್ಟಿನ, ಪುಟಸಂಖ್ಯೆ ಹಾಕಿದ ಒಂದು ದೊಡ್ಡ ನೋಟುಬುಕ್ಕು ತಂದು, ಒಂದು ವಸ್ತುವನ್ನೂ ಅದರ ಜಾಗದಿಂದ ಕದಲಿಸುವ ಮೊದಲು ಅದು ಇದ್ದಲ್ಲಿಯೇ ಫೋಟೊ ತೆಗೆಯಬೇಕು. ಕೊಟ್ಟಿಗೆಯ ಗೋಡೆಗೆ ತೂಗುಹಾಕಿದ್ದ, ಮಳೆಗೆ ಹೊದೆಯುವ ಗೊರಬು ಕೊಟ್ಟಿಗೆಯಲ್ಲೇ ಇತ್ತೆಂಬುದೂ ಒಂದು ಮಾಹಿತಿ. ಆಮೇಲೆ ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಅದನ್ನು ಬರೆದ ಚೀಟಿಯನ್ನು ಹತ್ತಿ ದಾರದಿಂದ ಕಟ್ಟಬೇಕು. ಅಂಟು, ಪೇಂಟು ಬೇಡ. ಕಾಗದಪತ್ರಗಳ ಮೇಲೆ ಪೆನ್ಸಿಲ್ಲಿನಲ್ಲಿ ಮಾತ್ರ ಬರೆಯಬೇಕು, ಅವುಗಳಿಗೆ ಲ್ಯಾಮಿನೇಷನ್ ಮಾಡಿಸಲೇಬಾರದು. ಪುಸ್ತಕದಲ್ಲಿ "ಹಿತ್ತಾಳೆ ಚೊಂಬು, 1" ಎಂದಷ್ಟೇ ಬರೆದರೆ ನಾಳೆ ಬೇರೊಂದು ಚೊಂಬು ಅದರ ಜಾಗದಲ್ಲಿ ಕುಳಿತರೂ ಗೊತ್ತಾಗುವುದಿಲ್ಲ. ಎತ್ತರ, ಬಾಯಿಯ ಅಗಲ, ತಳದ ಬೆಸುಗೆ, ಕಂಠದ ಕೆಳಗೆ ಚುಕ್ಕಿಗಳಲ್ಲಿ ಕೊರೆದ ಹೆಸರು, ತವರಿಂದ ತಂದವರು ಯಾರು, ಮನೆಯಲ್ಲಿ ಯಾವುದಕ್ಕೆ ಬಳಸುತ್ತಿದ್ದರು, ಈ ವಿವರ ಹೇಳಿದವರು ಯಾರು, ಎಲ್ಲವೂ ಬರಬೇಕು. ಅಂಥ ಚೊಂಬನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕುವ ಉತ್ಸಾಹವನ್ನು ದಯವಿಟ್ಟು ತಡೆಯಿರಿ, ಏಕೆಂದರೆ ಪ್ರತಿ ಸಲ ತಿಕ್ಕಿದಾಗಲೂ ಆ ಹೆಸರಿನ ಚುಕ್ಕಿಗಳು ಸ್ವಲ್ಪ ಸ್ವಲ್ಪವೇ ಸವೆಯುತ್ತವೆ.

ಕಾನೂನನ್ನೂ ತಿಳಿದಿರಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತು, ಮಹತ್ವದ ಹಸ್ತಪ್ರತಿಯಾದರೆ ಎಪ್ಪತ್ತೈದು ವರ್ಷ ದಾಟಿದ್ದು, ಪುರಾತನ ವಸ್ತುವೆನಿಸುತ್ತದೆ. ಶಿಲ್ಪ, ವರ್ಣಚಿತ್ರ, ಚಿತ್ರಗಳಿರುವ ಹಸ್ತಪ್ರತಿಗಳಂಥವನ್ನು ನೋಂದಾಯಿಸಬೇಕು. ತೋಟದಂಚಿನ ವೀರಗಲ್ಲನ್ನು ಅಂದಕ್ಕೆಂದು ಅಂಗಳಕ್ಕೆ ತರಬೇಡಿ, ಅದು ನಿಂತ ನೆಲವೇ ಅದರ ಅರ್ಧ ಕಥೆ. ಶಾಸನವಿದ್ದರೆ ಕರ್ನಾಟಕದ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಹುಡುಕಿ: ಮೊದಲ ಮುದ್ರಣದಲ್ಲಿ ಹಾಸನ ಜಿಲ್ಲೆಯದು ಐದನೆಯ ಸಂಪುಟ, ಅಂದಿನ ಕಡೂರು ಜಿಲ್ಲೆ ಎಂದರೆ ಇಂದಿನ ಚಿಕ್ಕಮಗಳೂರಿನದು ಆರನೆಯದು.

ಮಲೆನಾಡಿನಲ್ಲಿ ದೊಡ್ಡ ಶತ್ರು ಮಳೆಗಾಲದ ಥಂಡಿ. ಹೆಂಚು ಸರಿಪಡಿಸುವ ಖರ್ಚು ಗಾಜಿನ ಪೆಟ್ಟಿಗೆಯ ಖರ್ಚಿಗಿಂತ ಮೊದಲು ಆಗಬೇಕು. ಕಪಾಟನ್ನು ಗೋಡೆಗೆ ತಾಗಿಸದೆ ಒಂದು ಗೇಣು ಈಚೆಗೆ ಇಡಿ, ಕಾಗದವನ್ನು ನೆಲದ ಮೇಲಿಡಬೇಡಿ, ಬಿಸಿಲು ಬಿದ್ದ ದಿನ ಕಿಟಕಿ ತೆರೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಗೆದ್ದಲು, ಬೂಷ್ಟು ಹುಡುಕುವ ಹೊಣೆ ಒಬ್ಬರ ಹೆಸರಿನಲ್ಲೇ ಇರಲಿ.

ಯಾರ ಕಥೆ ಹೇಳುತ್ತೇವೆಂಬುದನ್ನೂ ಯೋಚಿಸಬೇಕು. ಉಕ್ರೇನಿನ ಆ ಬಂಗಲೆಗಳಲ್ಲಿ ಅನೇಕವು 1861ರಲ್ಲಿ ಜೀತ ರದ್ದಾಗುವ ಮುಂಚಿನವು, ಜೀತದಾಳುಗಳ ದುಡಿಮೆಯ ಮೇಲೆ ನಿಂತವು. ನಮ್ಮ ತೋಟಗಳನ್ನೂ ಧಣಿಗಳೊಬ್ಬರೇ ಕಟ್ಟಲಿಲ್ಲ. ಘಟ್ಟ ಹತ್ತಿ ಬಂದವರು, ತಮಿಳುನಾಡಿನಿಂದ ಬಂದವರು, ಊರಿನ ಆಳುಗಳು ನೆರಳಿನ ಮರದ ಕೊಂಬೆ ಸವರಿ, ಗುಂಡಿ ತೋಡಿ, ಹಣ್ಣು ಕುಯ್ದು ಬೆಳೆಸಿದ ತೋಟಗಳಿವು. ಚೆಕ್‌ರೋಲ್ ಪುಸ್ತಕದಲ್ಲಿರುವ ಹೆಸರುಗಳನ್ನು ಹಿಡಿದು, ಕೂಲಿಯವರ ಸಾಲುಮನೆಗಳಾದ ಲೈನ್‌ಮನೆಗಳಲ್ಲಿ ಇಂದೂ ಇರುವ ಹಿರಿಯರ ಬಳಿ ಹೋಗಿ, ಒಪ್ಪಿಗೆ ಪಡೆದು, ಅವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ. ಹಳೆಯ ಯಜಮಾನರ ಫೋಟೊಗಳ ಸಾಲಿನಲ್ಲಿಯೇ ಈ ಹೆಸರುಗಳಿಗೂ ಜಾಗ ಸಿಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಯ ಕೆಲಸ ಅಪಾಯಕ್ಕೆ ಸಿದ್ಧವಾಗಿರುವುದು. ಖಾರ್ಕಿವ್ ಪ್ರಾಂತದ ಸ್ಕೊವೊರೊಡಿನಿವ್ಕಾದಲ್ಲಿ ತತ್ತ್ವಜ್ಞಾನಿ ಹ್ರಿಹೊರಿ ಸ್ಕೊವೊರೊಡಾ 1794ರಲ್ಲಿ ಕೊನೆಯುಸಿರೆಳೆದ ಎಸ್ಟೇಟಿನ ಹಳೆಯ ಮನೆಯೇ ಅವರ ಸ್ಮಾರಕ ಸಂಗ್ರಹಾಲಯವಾಗಿತ್ತು. 2022ರ ಮೇ ತಿಂಗಳಲ್ಲಿ ರಷ್ಯಾದ ಕ್ಷಿಪಣಿ ಬಿದ್ದು ಕಟ್ಟಡ ಸುಟ್ಟುಹೋಯಿತು. ಬೆಲೆಬಾಳುವ ವಸ್ತುಗಳನ್ನು ಮೊದಲೇ ಬೇರೆಡೆಗೆ ಸಾಗಿಸಿದ್ದರಿಂದ ಅವು ಉಳಿದವು. ನಮಗೆ ಯುದ್ಧವಿಲ್ಲದಿದ್ದರೂ ಗುಡ್ಡ ಕುಸಿತವಿದೆ, ಹಳೆಯ ವೈರಿಂಗಿನ ಕಿಡಿಯಿದೆ, ಕಳ್ಳತನವಿದೆ. ಮೊದಲು ಹೊರಗೆ ಒಯ್ಯಬೇಕಾದ ಇಪ್ಪತ್ತು ವಸ್ತುಗಳ ಪಟ್ಟಿ ಮಾಡಿ ಬಾಗಿಲ ಒಳಮೈಗೆ ಅಂಟಿಸಿ, ಅವನ್ನು ಎಲ್ಲಿಗೆ ಒಯ್ಯಬೇಕೆಂದೂ ಅದರಲ್ಲೇ ಬರೆಯಿರಿ. ದಾಖಲೆ ಪುಸ್ತಕದ ಪ್ರತಿ ಪುಟದ ಫೋಟೊ ತೆಗೆದು ಒಂದು ಪ್ರತಿಯನ್ನು ಶಾಲೆಯಲ್ಲಿಯೂ ಇನ್ನೊಂದನ್ನು ಊರಾಚೆ, ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಇರುವ ನಂಬಿಕಸ್ಥರ ಬಳಿಯೂ ಇಟ್ಟು, ಹೊಸ ವಸ್ತು ಸೇರಿದಾಗಲೆಲ್ಲ ಆ ಎರಡು ಪ್ರತಿಗಳನ್ನೂ ತಿದ್ದಬೇಕು.