ಮೊದಲು ಪಾದ, ಆಮೇಲೆ ಮಾತು

ಮನಸ್ಸಿಗಾದ ಆಘಾತಕ್ಕೆ ದೇಹ ಮತ್ತು ಚಿತ್ರಗಳ ಮೂಲಕ ಚಿಕಿತ್ಸೆ ಕೊಡುವುದು ನನ್ನ ಕೆಲಸ. ಅಂಥ ಆಘಾತಕ್ಕೆ ಒಳಗಾದವರು ಬಂದು ಕುಳಿತಾಗ ‘ಏನಾಯಿತು?’ ಎಂದು ನಾನು ಕೇಳುವುದಿಲ್ಲ. ಅಧಿಕಾರಿಗಳು, ವರದಿಗಾರರು, ನೆಂಟರಿಷ್ಟರು ಕೇಳಿ ಕೇಳಿ ಅವರಿಗೆ ಆ ಪ್ರಶ್ನೆಯೇ ಸಾಕಾಗಿರುತ್ತದೆ. ‘ಪಾದ ನೆಲಕ್ಕೆ ತಾಗುತ್ತಿದೆಯೇ, ಸ್ವಲ್ಪ ಒತ್ತಿ ನೋಡಿ’ ಎನ್ನುತ್ತೇನೆ. ಆಮೇಲೆ ಕೈಗೊಂದು ಕ್ರೇಯಾನ್.

ನಾನು ಹೆಚ್ಚಾಗಿ ಮಾಡಿಸುವುದು ದೇಹದ ನಕ್ಷೆ. 2000ರ ದಶಕದ ಆರಂಭದಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಎಚ್‌ಐವಿ ಸೋಂಕಿತ ಮಹಿಳೆಯರ ನಡುವೆ ಬೆಳೆದ ಕ್ರಮ ಇದು. ಆಳುದ್ದದ ಕಾಗದದ ಮೇಲೆ ಮಲಗಿದವರ ಸುತ್ತ ಗೆರೆ ಎಳೆದು, ಅದರೊಳಗೆ ನೋವು, ಬಲ, ನೆನಪುಗಳನ್ನು ಬಣ್ಣದಲ್ಲಿ ತುಂಬುತ್ತಾರೆ. ಆದರೆ ಹಿಂಸೆ ಕಂಡ ಹೆಂಗಸಿಗೆ ಹಾಗೆ ಮಲಗುವುದೂ ಕಷ್ಟ, ಇನ್ನೊಬ್ಬರ ಕೈ ಮೈಯ ಪಕ್ಕದಲ್ಲೇ ಸರಿದಾಡುವುದೂ ಕಷ್ಟ. ಹಾಗಾಗಿ ಕಾಗದವನ್ನು ಗೋಡೆಗೆ ಅಂಟಿಸಿ, ಅವರೇ ನಿಂತು ಬರೆಯಲು ಬಿಡುತ್ತೇನೆ. ಬಾಗಿಲು ಅವರ ಕಣ್ಣಿಗೆ ಕಾಣುತ್ತಿರಬೇಕು, ಚಿಲಕ ಹಾಕುವುದಿಲ್ಲ.

2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ ಕಳೆದುಕೊಂಡ ಕೊಡಗಿನ ಮಹಿಳೆಯೊಬ್ಬರು ‘ಮಳೆ ಜೋರಾದರೆ ಕಾಲು ನಿಲ್ಲುವುದಿಲ್ಲ ಮೇಡಂ, ಓಡು ಓಡು ಎನ್ನುತ್ತದೆ’ ಎಂದಿದ್ದರು. ನಕ್ಷೆಯಲ್ಲಿ ತಲೆ, ಎದೆ ಎಲ್ಲವನ್ನೂ ಖಾಲಿ ಬಿಟ್ಟು ಮೊಣಕಾಲಿನಿಂದ ಕೆಳಗೆ ಮಾತ್ರ ಕೆಂಪು ತುಂಬಿದರು. ಒತ್ತಿದ ಒತ್ತಿಗೆ ಕ್ರೇಯಾನ್ ಮುರಿಯಿತು. ಚಿತ್ರದ ಅರ್ಥ ಹೇಳಲು ನಾನು ಹೋಗಲಿಲ್ಲ. ಆ ಕಾಲಿಗೆ ಈಗ ಏನು ಬೇಕಂತೆ ಎಂದಷ್ಟೇ ಕೇಳಿದೆ. ಅವರು ಎದ್ದು, ಎರಡೂ ಅಂಗೈಗಳನ್ನು ಗೋಡೆಗೆ ಊರಿ, ಕಾಲುಗಳನ್ನು ಗಟ್ಟಿಯಾಗಿ ನೆಲಕ್ಕೆ ಒತ್ತಿ ತಳ್ಳತೊಡಗಿದರು. ಉಸಿರು ಉದ್ದವಾಯಿತು, ಭುಜ ಇಳಿಯಿತು. ಇವತ್ತಿಗೆ ಇಷ್ಟು ಸಾಕು ಎಂದೆ.

ಅತ್ತರೆ ಮಾತ್ರ ಚಿಕಿತ್ಸೆ ಫಲಿಸಿತು ಎನ್ನುವವರಿದ್ದಾರೆ. ನನಗೆ ಆ ನಂಬಿಕೆ ಇಲ್ಲ. ಮೈ ತಾಳುವಷ್ಟು ಮಾತ್ರ ನೋವನ್ನು ಮುಟ್ಟಿ, ದೇಹದ ನೆಮ್ಮದಿಯ ಜಾಗಕ್ಕೆ ಮರಳಿ, ಮತ್ತೆ ಮುಟ್ಟುವ, ಅಮೆರಿಕದ ಆಘಾತ ಚಿಕಿತ್ಸಕ ಪೀಟರ್ ಲೆವಿನ್ ಅವರ ಕ್ರಮವೇ ನನ್ನ ಕೈಗೆ ಒಗ್ಗಿದೆ.

ಜೇಡಿಮಣ್ಣು ಒಳ್ಳೆಯ ಸಾಧನ, ಒತ್ತಿದರೆ ತಿರುಗಿ ಒತ್ತುತ್ತದೆ. ಆದರೆ ಗುಡ್ಡ ಜರಿದದ್ದನ್ನು ಕಂಡವರಿಗೆ ಹಸಿ ಮಣ್ಣಿನ ವಾಸನೆ ಬಂದರೂ ಎದೆ ಹೊಡೆದುಕೊಳ್ಳುತ್ತದೆ. ಅವರಿಗೆ ಗೋಧಿ ಹಿಟ್ಟು ಕಲಸಿ ಕೊಡುತ್ತೇನೆ.

ಚಿತ್ರ ಬರೆದವರದು. ದಾನಿಗಳು ಬರುತ್ತಾರೆ, ಗೋಡೆಗೆ ತೂಗುಹಾಕೋಣ ಎಂದು ಸಂಸ್ಥೆಯೊಂದು ಕೇಳಿತ್ತು, ಕೊಡಲಿಲ್ಲ. ಹರಿದುಹಾಕುತ್ತೇನೆ ಎಂದವರಿಗೆ ಹರಿಯಲು ಬಿಡುತ್ತೇನೆ, ಅದೂ ಕೈ ಮಾಡುವ ಕೆಲಸವೇ.

ನಿದ್ದೆಯೇ ಬಾರದವರನ್ನು, ಸಾಯುವ ಮಾತಾಡುವವರನ್ನು ಬಣ್ಣದ ಮುಂದೆ ಕೂರಿಸಿ ದಿನ ದೂಡುವುದಿಲ್ಲ. ಮನೋವೈದ್ಯರ ಬಳಿ ಕಳುಹಿಸುತ್ತೇನೆ, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಡುತ್ತೇನೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.